ಗ್ಯಾಸ್ ಆಚಾರ್ರು

ಹಣೆಯ ಮೇಲೆ ಅಂಗಾರದ ಕಪ್ಪು ಗೀರು, ಗೀರಿನ ಕೆಳಗೆ ಅಕ್ಷತೆಯ ಬೊಟ್ಟು, ಕಿವಿಯ ಸಂದಿಯಲ್ಲಿ ಒಂದು ತುಳಸಿ ದಳ. ಕುತ್ತಿಗೆಯಿಂದ ಕೆಳಗೆ ಖಾಕಿ ಅಂಗಿ, ಹೆಗಲಿಗೆ ಗ್ರೀಸು ಹತ್ತಿದ ಚೀಲ, ಚೀಲದ ಬಾಯಿಂದ ಇಣುಕುವ, ನಟ್ಟು ತಿರುವುವ ಪಾನಾ. ಮೊದಲ ಸಲ ನೋಡಿದವರಿಗೆ ಮೇಲರ್ಧ ಒಬ್ಬರದು, ಕೆಳಗರ್ಧ ಇನ್ನೊಬ್ಬರದು ಎನಿಸುತ್ತಿತ್ತು.

ಆಂಧ್ರದ ಗಡಿಯ ಆದೋನಿಯಲ್ಲಿ ಎಲ್ಲರಿಗೂ ಅವರು ಗ್ಯಾಸ್ ಆಚಾರ್ರು. ಗ್ಯಾಸ್ ಏಜೆನ್ಸಿಯೊಂದರಲ್ಲಿ ಮೆಕ್ಯಾನಿಕ್ ಆಗಿದ್ದರು. ಹೊಸ ಕನೆಕ್ಷನ್ ಜೋಡಿಸುವುದು, ಸೋರುವ ಪೈಪು ಬದಲಿಸುವುದು, ಉರಿ ಏಳದ ಒಲೆ ಬಿಚ್ಚಿ ಕೂಡಿಸುವುದು ಅವರ ಕೆಲಸ. ಮನೆತನದವರೆಲ್ಲ ಪೂಜೆ, ಪುರಾಣ ಮಾಡಿಕೊಂಡು ಬಂದವರು. ಅಣ್ಣ ಈಗಲೂ ಪೌರೋಹಿತ್ಯ ಮಾಡುತ್ತಾರೆ. ಆಚಾರ್ರು ಪಾನಾ ಹಿಡಿದದ್ದನ್ನು ಬಂಧುಗಳು ಆಡಿಕೊಂಡರೆ ಅವರು ನಗುತ್ತಿದ್ದರು. "ಅಣ್ಣ ಮಂತ್ರಾ ಹೇಳಿ ಅಗ್ನಿ ಕರೀತಾನ, ನಾ ಪಾನಾ ತಿರುವಿ ಕರೀತೀನಿ. ಬರೋದು ಒಬ್ಬಾತನ ಅಲ್ಲೇನು?"

ನಾನು ಅದೇ ಏಜೆನ್ಸಿಯಲ್ಲಿ ಫೋನ್ ಎತ್ತಿ ದೂರು ಬರೆದುಕೊಳ್ಳುವ ಕೆಲಸಕ್ಕೆ ಸೇರಿದ್ದೆ. ಕೋಸಗಿ ಕಡೆಯ ಹಳ್ಳಿ ನನ್ನದು. ಅಪ್ಪ, ಅವ್ವ ವರ್ಷದಲ್ಲಿ ಅರ್ಧ ಕಾಲ ದೂರದೂರಿಗೆ ಕೂಲಿಗೆ ಹೋಗುತ್ತಿದ್ದರು. ನಾನು ಅಜ್ಜಿಯ ಹತ್ತಿರ ಉಳಿದು ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿ ಪಾಸು ಮಾಡಿ ಆದೋನಿಗೆ ಸೊಸೆಯಾಗಿ ಬಂದವಳು. ತೆಲುಗು ನನಗೆ ಬಾಯಲ್ಲಿ ಓಡುತ್ತಿತ್ತು, ಕೈಯಲ್ಲಿ ಓಡುತ್ತಿರಲಿಲ್ಲ. ಹಾಗಾಗಿ ದೂರಿನ ಪುಸ್ತಕದಲ್ಲಿ ಮೊದಲ ವಾರವೆಲ್ಲ ಕನ್ನಡದಲ್ಲೇ ಬರೆದೆ. ಏಜೆನ್ಸಿ ನಡೆಸುವ ಮೇಡಂ ತೆಲುಗಿನವರು. ಪುಸ್ತಕ ನೋಡಿ ಹುಬ್ಬು ಗಂಟಿಕ್ಕಿದರು. ಆಚಾರ್ರು ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡು ಹೇಳಿದರು: "ಇದನ್ನ ಓದಾಂವ ನಾನು. ನನಗ ತಿಳೀತಂದ್ರ ಸಾಕಲ್ಲಮ್ಮಾ?"

ಅವರು ಯಾವ ಮನೆಗೆ ಹೋದರೂ ಮೊದಲು ಕಿಟಕಿ ತೆಗೆಸುತ್ತಿದ್ದರು. ಕೆಲಸ ಮುಗಿದ ಮೇಲೆ ಮನೆಯ ಹೆಂಗಸನ್ನು ಕರೆದು, "ಹಚ್ಚೋದು ಎಲ್ಲಾರಿಗೂ ಬರ್ತದ, ಬಂದ್ ಮಾಡೋದು ತೋರಸ್ರಿ" ಅನ್ನುತ್ತಿದ್ದರು. ಆಕೆ ರೆಗ್ಯುಲೇಟರ್ ತಿರುವಿ ತೋರಿಸುವ ತನಕ ಆಚೆ ಕಾಲಿಡುತ್ತಿರಲಿಲ್ಲ. ಎಂಬತ್ತು ವರ್ಷದ ಅಜ್ಜಿಯಾದರೂ ಬಿಡುತ್ತಿರಲಿಲ್ಲ. ಬೆರಳಲ್ಲಿ ಬಲವಿಲ್ಲದ ಒಬ್ಬ ಅಜ್ಜಿ ಸೆರಗು ಸುತ್ತಿ ತಿರುವಿದಳಂತೆ. ಅದನ್ನು ಅವರು ತಿಂಗಳುಗಟ್ಟಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ಕೊರೊನಾ ಅವರನ್ನೂ ಹಿಡಿದಿತ್ತು. ಹದಿನೈದು ದಿನ ಮಲಗಿ ಎದ್ದು ಕೆಲಸಕ್ಕೆ ಬಂದರು. ಸ್ವಲ್ಪ ಇಳಿದಿದ್ದರು. ಅಷ್ಟೇ ಎಂದು ಎಲ್ಲರೂ ತಿಳಿದೆವು.

ಅದರ ಮರುವರ್ಷ ಹಳ್ಳಿಗಳಲ್ಲಿ ಹೊಸ ಕನೆಕ್ಷನ್ ಕೊಡುವ ಕೆಲಸ ಜೋರಾಗಿತ್ತು. ಹೆಂಗಸರ ಕಾಗದಪತ್ರ ನೋಡಲು ನನ್ನನ್ನೂ ಅವರ ಜತೆ ಕಳಿಸುತ್ತಿದ್ದರು. ಒಂದು ಬೆಳಿಗ್ಗೆ ಕೌತಾಳಂ ಕಡೆಯ ಹಳ್ಳಿಯೊಂದಕ್ಕೆ ಹೋದೆವು. ಒಂದೇ ಕೋಣೆಯ ಮನೆ. ಕಡಪಾ ಕಲ್ಲಿನ ಮೇಲೆ ಹೊಸ ಒಲೆ ಇಟ್ಟು ಅರಿಶಿನ, ಕುಂಕುಮ ಹಚ್ಚಿದ್ದರು. ಓಣಿಯ ಹೆಂಗಸರೆಲ್ಲ ನೋಡಲು ಬಂದು ಬಾಗಿಲಲ್ಲಿ ನಿಂತಿದ್ದರು. ಮನೆಯ ಅತ್ತೆ ಅವಸರ ಮಾಡತೊಡಗಿದಳು. "ರಾಹುಕಾಲ ಬಂತ್ರಿ ಸ್ವಾಮಿ, ಜಲ್ದಿ ಹಚ್ಚಿಬಿಡ್ರಿ."

ಪೈಪು ಕೂಡಿಸಿದ ಮೇಲೆ ಸೋಪಿನ ನೀರು ಹಚ್ಚಿ, ಗುಳ್ಳೆ ಏಳುತ್ತದೆಯೋ ಎಂದು ನೋಡಬೇಕು. ಗುಳ್ಳೆ ಎದ್ದರೆ ಗ್ಯಾಸ್ ಸೋರುತ್ತಿದೆ ಎಂದು ಅರ್ಥ. ಅಂದು ಅವಸರದಲ್ಲಿ ಆಚಾರ್ರು ಅದನ್ನು ಬಿಟ್ಟರು. ರೆಗ್ಯುಲೇಟರ್ ತಿರುವಿ, ಒಂದು ಕ್ಷಣ ಮೂಗು ಮುಂದೆ ಮಾಡಿ ನಿಂತು, ಲೈಟರ್ ಕೈಗೆ ತೆಗೆದುಕೊಂಡರು. ಬಾಗಿಲಲ್ಲಿ ಕಾಗದ ಹಿಡಿದು ನಿಂತಿದ್ದ ನನ್ನ ಮೂಗಿಗೆ ಕೊಳೆತ ಉಳ್ಳಾಗಡ್ಡಿಯಂಥ ವಾಸನೆ ಬಡಿಯಿತು.

"ಆಚಾರ್ರೇ, ಹಚ್ಚಬ್ಯಾಡ್ರಿ! ವಾಸನಿ ಬರಾಕತ್ತೈತಿ!"

ಅವರ ಕೈ ನಿಂತಲ್ಲೇ ನಿಂತಿತು. ರೆಗ್ಯುಲೇಟರ್ ಬಂದ್ ಮಾಡಿ, ಒಳಗಿದ್ದವರನ್ನೆಲ್ಲ ಹೊರಗೆ ಕಳಿಸಿ, ಸಿಲಿಂಡರನ್ನು ತಾವೇ ಎತ್ತಿ ಅಂಗಳಕ್ಕೆ ತಂದರು. ಬಿಚ್ಚಿ ನೋಡಿದರೆ ಸಿಲಿಂಡರಿನ ಬಾಯೊಳಗಿನ ರಬ್ಬರಿನ ಉಂಗುರ ಸೀಳಿತ್ತು. ಬೇರೆ ಉಂಗುರ ಹಾಕಿ, ಸೋಪಿನ ನೀರು ಹಚ್ಚಿ ಎರಡೆರಡು ಸಲ ನೋಡಿ, ಮನೆಯೊಳಗಿನ ಗಾಳಿ ತಿಳಿಯಾಗುವವರೆಗೆ ಕಾದು, ನನ್ನನ್ನು ಒಳಗೆ ಕಳಿಸಿ ವಾಸನೆ ನೋಡಿಸಿ, ಆಮೇಲೆ ಒಲೆ ಹಚ್ಚಿಕೊಟ್ಟರು. ಹೆಂಗಸರು ಚಪ್ಪಾಳೆ ತಟ್ಟಿದರು. ಆಚಾರ್ರು ನಗಲಿಲ್ಲ.

ಊರ ಹೊರಗೆ ಜಾಲಿ ಮರದ ಕೆಳಗೆ ಗಾಡಿ ನಿಲ್ಲಿಸಿದರು.

"ತಂಗಿ, ಜ್ವರ ಬಂದಾಗಿಂದ ನನಗ ವಾಸನಿ ತಿಳಿಯಂಗಿಲ್ಲ. ತುಪ್ಪಾ ತಿಳಿಯಂಗಿಲ್ಲ, ಊದಿನಕಡ್ಡಿ ತಿಳಿಯಂಗಿಲ್ಲ. ಇವತ್ತ ಬಂದೀತು, ನಾಳೆ ಬಂದೀತು ಅಂತ ವರ್ಷ ಕಳದೆ. ಸೋಪಿನ ಮ್ಯಾಲ ನಡಸಿದ್ದೆ. ಇವತ್ತ ಅದನ್ನೂ ಮರತೆ."

ನಾನು ಯಾರಿಗೂ ಹೇಳುವುದಿಲ್ಲ ಎಂದೆ. "ಓನರಮ್ಮಗ ತಿಳಿದ್ರ ನಿಮ್ಮ ಕೆಲಸ ಹೋಗ್ತೈತ್ರಿ."

"ಕೆಲಸ ಹೋದ್ರ ನನ್ನೊಬ್ಬಂದು ಹೋಗ್ತದ. ಆ ಮನಿಯಾಗ ಎಷ್ಟು ಮಂದಿ ಇದ್ರು, ಎಣಿಸಿದೇನು?" ಎಂದರು.

ಆ ಮಧ್ಯಾಹ್ನವೇ ಮೇಡಂ ಮುಂದೆ ನಿಂತು ಎಲ್ಲ ಹೇಳಿದರು. ತಮ್ಮ ಮೆಕ್ಯಾನಿಕ್ ಕಾರ್ಡನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟರು. ಮೇಡಂ ಕಾರ್ಡನ್ನು ಎತ್ತಿ ಖಾನೆಯಲ್ಲಿಟ್ಟು, ಆಫೀಸಿನಲ್ಲೇ ಕೂತು ಕೆಲಸ ಮಾಡಿ ಎಂದರು. ಆಚಾರ್ರು ನನ್ನ ಕಡೆ ಕೈ ತೋರಿಸಿದರು.

"ಕೂಡ್ತೀನಿ. ಆದ್ರ ಈಕಿಗೆ ಟ್ರೇನಿಂಗ್ ಕೊಡಸ್ರಿ. ಇವತ್ತ ನಮ್ಮನ್ನೆಲ್ಲ ಉಳಿಸಿದಾಕಿ ಈಕಿ."

ಹೆಂಗಸರು ಮೆಕ್ಯಾನಿಕ್ ಆಗುವುದುಂಟೇ ಎಂದು ಮೇಡಂ ಬೆರಗಾದರು. "ಆಡವಾಳ್ಳು ಮೆಕ್ಯಾನಿಕ್ಕಾ ಸ್ವಾಮಿ?"

"ಏಜೆನ್ಸಿ ಯಾರ ಹೆಸರಿನ್ಯಾಗ ಅದಮ್ಮಾ?" ಎಂದು ಆಚಾರ್ರು ಕೇಳಿದರು. ಮೇಡಂಗೆ ನಗು ಬಂತು. ಏಜೆನ್ಸಿ ಇದ್ದದ್ದು ಅವರ ಹೆಸರಿನಲ್ಲೇ.

ನನ್ನನ್ನು ಯಾರೂ ಕೇಳಿರಲಿಲ್ಲ. ಮನೆಗೆ ಹೋಗಿ ಗಂಡನಿಗೆ ಹೇಳಿದೆ. ಅವನು ಹತ್ತಿ ಮಾರುಕಟ್ಟೆಯಲ್ಲಿ ಹಮಾಲಿ. "ಮೂಟಿ ಹೊರಾಕ ನನ್ನ ಬೆನ್ನು ಐತಿ, ಇನ್ನ ಎಷ್ಟು ವರ್ಷ ಇರ್ತೈತೋ. ನೀ ಕಲಿ" ಎಂದ. ಅಷ್ಟು ಸಾಕಾಯಿತು.

ಮೆಕ್ಯಾನಿಕ್ ಆಗಬೇಕಾದರೆ ತರಬೇತಿ ಮುಗಿಸಿ, ಬರೆಯುವ ಪರೀಕ್ಷೆಯನ್ನೂ ಕೈಯಿಂದ ಮಾಡಿ ತೋರಿಸುವ ಪರೀಕ್ಷೆಯನ್ನೂ ಪಾಸಾಗಬೇಕು. ಆಗಲೇ ಕಾರ್ಡು. ಮಧ್ಯಾಹ್ನ ಫೋನು ತಣ್ಣಗಾದಾಗ ಏಜೆನ್ಸಿಯ ಹಿಂದಿನ ಅಂಗಳದಲ್ಲಿ ನನ್ನ ಪಾಠ. ಖಾಲಿ ಸಿಲಿಂಡರು, ಹಳೆಯ ಒಲೆ, ಒಂದು ಬುಟ್ಟಿ ಕೆಟ್ಟ ರೆಗ್ಯುಲೇಟರುಗಳು. ಮೂರು ಒಳ್ಳೆಯ ಉಂಗುರಗಳ ನಡುವೆ ಒಂದು ಸೀಳಿದ್ದನ್ನು ಸೇರಿಸಿ, ಕಣ್ಣು ಮುಚ್ಚಿಸಿ, ಬೆರಳಿಂದಲೇ ಹುಡುಕಿಸುತ್ತಿದ್ದರು. ಕೆಲಸ ನೋಡಲು ಬೇರೆ ಮೆಕ್ಯಾನಿಕ್ ಜತೆ ಕಳಿಸುವಾಗ ನನ್ನ ಮೂಗಿಗೆ ಟವೆಲು ಕಟ್ಟಿಸುತ್ತಿದ್ದರು. ನನಗೆ ಸಿಟ್ಟು ಬಂದು ಒಮ್ಮೆ ಕೇಳಿದೆ: "ನನ್ನ ಮೂಗು ಚಲೋ ಐತಲ್ರಿ, ಯಾಕ ಕಟ್ಟಸ್ತೀರಿ?"

"ನಂದೂ ಚಲೋನೇ ಇತ್ತು" ಎಂದರು.

ಪರೀಕ್ಷೆಗೆ ಕರ್ನೂಲಿಗೆ ಹೋದೆ. ಇಡೀ ಕೋಣೆಯಲ್ಲಿ ನಾನೊಬ್ಬಳೇ ಹೆಂಗಸು. ಕೈಕೆಲಸದಲ್ಲಿ ಎಲ್ಲರಿಗಿಂತ ಮೊದಲು ಮುಗಿಸಿದೆ. ಬರೆಯುವ ಪರೀಕ್ಷೆ ತೆಲುಗಿನಲ್ಲಿತ್ತು. ಉತ್ತರ ತಲೆಯಲ್ಲಿದ್ದರೂ ಅಕ್ಷರ ಕೈಗೆ ಬರಲಿಲ್ಲ. ಅರ್ಧ ಬರೆಯುವುದರೊಳಗೆ ಕಾಗದ ಕಿತ್ತುಕೊಂಡರು. ಫೇಲಾದೆ.

ಇನ್ನು ನನ್ನಿಂದ ಆಗದು, ಫೋನಿನ ಕೆಲಸವೇ ಸಾಕು ಎಂದು ಹೇಳಲು ಮರುದಿನ ಬಂದೆ. ಆಚಾರ್ರು ಕೇಳಿಸಿಕೊಂಡರು. ದೂರಿನ ಪುಸ್ತಕವನ್ನು ನನ್ನ ಮುಂದೆ ಸರಿಸಿದರು.

"ನಿನಗ ಸಿಲಿಂಡರ್ ಬರ್ತದ, ತೆಲುಗು ಬರಿಯೋದು ನಿಧಾನ ಅದ. ಅಷ್ಟ. ಇವತ್ತಿಂದ ದೂರು ತೆಲುಗಿನ್ಯಾಗ ಬರಿ. ಕನ್ನಡದಾಗ ಬರದ್ರ ನಾ ಓದಂಗಿಲ್ಲ."

ನನಗೆ ತುಂಬ ನೋವಾಯಿತು. ನನ್ನ ಕನ್ನಡದ ಪರ ನಿಂತಿದ್ದವರು ಅವರೊಬ್ಬರೇ. ಆದರೆ ಅವರು ಮಾತಿಗೆ ತಪ್ಪಲಿಲ್ಲ. ಮರೆತು ಕನ್ನಡದಲ್ಲಿ ಬರೆದರೆ ಪುಸ್ತಕ ನೋಡಿ, "ಇವತ್ತ ದೂರು ಇಲ್ಲೇನು?" ಎಂದು ಅಮಾಯಕರಂತೆ ಕೇಳುತ್ತಿದ್ದರು. ಬಿಡುವಿನಲ್ಲಿ ಎರಡೂ ಲಿಪಿಯ ಅಕ್ಷರಗಳನ್ನು ಅಕ್ಕಪಕ್ಕ ಬರೆದು, "ನೋಡಿಲ್ಲೆ, ಅಣ್ಣ ತಮ್ಮ ಇದ್ದಂಗ ಅದಾವ. ತಲಿಗೂದಲ ಬಾಚೋದು ಅಷ್ಟ ಬ್ಯಾರೆ" ಎನ್ನುತ್ತಿದ್ದರು. ಮಳೆಗಾಲ ಮುಗಿಯುವುದರೊಳಗೆ ನನ್ನ ಕೈ ಓಡತೊಡಗಿತು.

ಎರಡನೆಯ ಸಲ ಪಾಸಾದೆ. ಕಾರ್ಡು ಬಂದ ದಿನ ನನಗಿಂತ ಮೊದಲು ಅವರೇ ಓದಿದರು. ನನ್ನ ಹೆಸರನ್ನು ಎರಡು ಸಲ ಗಟ್ಟಿಯಾಗಿ ಓದಿ, ಫೋಟೋದಲ್ಲಿ ನಾನು ನಕ್ಕಿಲ್ಲ ಎಂದು ಬೈದು, ಆಮೇಲೆ ಕೊಟ್ಟರು.

ಕಾರ್ಡು ಸಿಕ್ಕ ಮಾತ್ರಕ್ಕೆ ಎಲ್ಲ ಬಾಗಿಲು ತೆರೆಯಲಿಲ್ಲ. ಮೊದಮೊದಲು ದಾರಿ ತೋರಿಸಲು ಅವರೂ ನನ್ನೊಡನೆ ಬರುತ್ತಿದ್ದರು. ಒಂದು ದಿನ ಹಳೆಯ ಓಣಿಯ ಮನೆಯೊಂದಕ್ಕೆ ಹೋದೆವು. ಬಾಗಿಲು ತೆಗೆದ ಹಿರಿಯ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಯಾವ ಊರು, ಯಾರ ಪೈಕಿ ಎಂದು ಕೇಳಿದರು. ಹೇಳಿದೆ.

"ನೀವು ಒಳಗ ಬರ್ರಿ" ಎಂದು ಆಚಾರ್ರಿಗೆ ಹೇಳಿದರು. "ಆಕಿ ಕಟ್ಟಿ ಮ್ಯಾಲ ಕೂಡ್ಲಿ."

ಆಚಾರ್ರು ಚಪ್ಪಲಿ ಬಿಡಲಿಲ್ಲ. "ಕಾರ್ಡ್ ಆಕೀದು ಅದ. ನಂದು ನಾ ವಾಪಸ್ ಕೊಟ್ಟೀನಿ. ನಾ ಒಳಗ ಬಂದ್ರೂ ಏನೂ ಮುಟ್ಟೋ ಹಂಗಿಲ್ಲ."

"ಹಂಗಾದ್ರ ಬ್ಯಾಡ ಬಿಡ್ರಿ."

"ಆತು. ಗ್ಯಾಸ್ ಬಂದ್ ಇಡ್ರಿ. ಕಿಡಕಿ ತಗದಿಡ್ರಿ" ಎಂದು ತಿರುಗಿ ನಡೆದರು.

ನನ್ನ ಮುಖ ಕೆಂಡವಾಗಿತ್ತು. ಓಣಿಯ ತಿರುವಿನಲ್ಲಿ ಅವರು ನಿಂತು, ಚೀಲವನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಿಸಿ, "ಅದು ನಮ್ಮ ಅಣ್ಣನ ಮನಿ. ಆಕಿ ನಮ್ಮ ಅತ್ತಿಗಿ. ನನ್ನ ಲಗ್ನದಾಗ ಅಕ್ಷತಿ ಹಾಕಿದಾಕಿ" ಎಂದರು. ಅವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಮೊದಲು ಕೇಳಿರಲಿಲ್ಲ.

ಎರಡು ದಿನ ಕಳೆದ ಮೇಲೆ ಏಜೆನ್ಸಿಯ ಫೋನು ರಿಂಗಾಯಿತು. ಎತ್ತಿದೆ. ಆ ಕಡೆಯಿಂದ ಅವರ ಅಣ್ಣ.

"ಒಲಿ ಹತ್ತವಲ್ದು. ಮೊನ್ನೆ ಬಂದಾಕಿ ನೀನ ಏನಮ್ಮಾ?"

"ಹೌದ್ರಿ."

"ಬಾ" ಎಂದು ಫೋನು ಇಟ್ಟರು.

ಆಚಾರ್ರಿಗೆ ಹೇಳಿದೆ. ಬರುತ್ತೀರಾ ಎಂದು ಕೇಳಿದ್ದಕ್ಕೆ, "ನನ್ನನ್ನ ಕರದಿಲ್ಲಲ್ಲ" ಎಂದರು. ಒಬ್ಬಳೇ ಹೋದೆ. ಅತ್ತಿಗೆ ಅಡುಗೆಮನೆಯ ಕಡೆ ಕೈ ತೋರಿಸಿದರು. ಒಲೆಯ ಮೂತಿಯಲ್ಲಿ ಕಸ ಕಟ್ಟಿತ್ತು, ಪೈಪು ಹಳೆಯದಾಗಿತ್ತು. ಎರಡನ್ನೂ ಸರಿಪಡಿಸಿದೆ. ಆಮೇಲೆ, ಬಂದ್ ಮಾಡುವುದನ್ನು ನೀವು ತೋರಿಸಿ ಎಂದೆ. ಆ ತಾಯಿ ಮುಂದೆ ಬಂದು, ನನ್ನ ಪಕ್ಕದಲ್ಲೇ ನಿಂತು, ತಿರುವಿ ತೋರಿಸಿದರು. ಹೊರಡುವಾಗ ಮಜ್ಜಿಗೆ ಕೊಟ್ಟರು. ಲೋಟ ಯಾವುದೆಂದು ನಾನು ನೋಡಲು ಹೋಗಲಿಲ್ಲ. ಮಜ್ಜಿಗೆ ತಂಪಾಗಿತ್ತು.

ಆಮೇಲೆ ಆಚಾರ್ರು ನನ್ನ ಜತೆ ಬರುವುದನ್ನು ನಿಲ್ಲಿಸಿದರು. ಆಫೀಸಿನಲ್ಲಿ ಕೂತು ಫೋನು ಎತ್ತುವ ಕೆಲಸ ಅವರದಾಯಿತು. ಅವರು ಬರೆದ ದೂರುಗಳನ್ನು ಹಿಡಿದು ನಾನು ಸ್ಕೂಟಿಯಲ್ಲಿ ಹೋಗುತ್ತಿದ್ದೆ. ಕೋಸಗಿ ಕಡೆಯ ಹಳ್ಳಿಗಳಿಗೆ ಹೋದಾಗ ಹೆಂಗಸರು ನನ್ನ ಕಾರ್ಡು ಮುಟ್ಟಿ ನೋಡುತ್ತಿದ್ದರು. ಹಾಗೆ ಮುಟ್ಟಿ ನೋಡಿದವರಲ್ಲಿ ಒಬ್ಬಾಕೆ, ಎರಡು ಮಕ್ಕಳ ತಾಯಿ, ಈಗ ನಮ್ಮ ಏಜೆನ್ಸಿಯಲ್ಲೇ ಕೆಲಸ ಕಲಿಯುತ್ತಿದ್ದಾಳೆ. ವರ್ಷಾ ವರ್ಷಾ ಊರು ಬಿಟ್ಟು ಕೂಲಿಗೆ ಹೋಗುತ್ತಿದ್ದಾಕೆ ಈ ಸಲ ಹೋಗಲಿಲ್ಲ. ಆಕೆಯ ಪಾಠವನ್ನೂ ಆಚಾರ್ರೇ ಶುರು ಮಾಡಿದರು. ಮುಗಿಸುವುದು ನನಗೆ ಬಂತು.

ಹೋದ ವರ್ಷ ಅವರ ಎದೆಬಡಿತ ನಿಂತಿತು. ಬೆಳಿಗ್ಗೆ ಸ್ನಾನ, ಸಂಧ್ಯಾವಂದನೆ ಮುಗಿಸಿ ಕೂತವರು ಹಾಗೇ ಒರಗಿದರಂತೆ.

ಹದಿಮೂರನೆಯ ದಿನ ಸಮಾರಾಧನೆ. ಅಷ್ಟೊಂದು ಜನಕ್ಕೆ ಅವರ ಮನೆಯ ಹಿತ್ತಲಿನಲ್ಲಿ ಪೆಂಡಾಲು ಹಾಕಿ, ನಾಲ್ಕು ದೊಡ್ಡ ಒಲೆಗಳನ್ನೂ ಸಿಲಿಂಡರುಗಳನ್ನೂ ತಂದು ಜೋಡಿಸಿದ್ದರು. ನಾನು ಬೆಳಗ್ಗೆಯೇ ಹೋಗಿ ಬೇಲಿಯ ಹತ್ತಿರ ನಿಂತಿದ್ದೆ. ಒಳಗೆ ಹೋಗಬೇಕೋ ಬೇಡವೋ ತಿಳಿಯಲಿಲ್ಲ. ಅಡುಗೆಯವರು ಲೈಟರ್ ಕೈಗೆ ತೆಗೆದುಕೊಂಡಿದ್ದರು. ಅಷ್ಟರಲ್ಲಿ ಆಚಾರ್ರ ಹೆಂಡತಿ ಹಿತ್ತಲ ಬಾಗಿಲಿಗೆ ಬಂದರು. ಅತ್ತು ಅತ್ತು ಕಣ್ಣು ಬತ್ತಿದ್ದವು. ಸುತ್ತ ನೋಡಿ ನನ್ನನ್ನು ಕಂಡರು.

"ಏಯ್, ತಡೀರಿ" ಎಂದರು ಅಡುಗೆಯವರಿಗೆ. "ಆಕಿ ನೋಡ್ಲಿ. ಆಕಿ ನೋಡಿದ ಮ್ಯಾಲ ಹಚ್ರಿ."

ಅಡುಗೆಯ ಹಿರಿಯರು ನನ್ನನ್ನು ನೋಡಿದರು, ಆ ತಾಯಿಯನ್ನು ನೋಡಿದರು. ಪಂಚೆ ಎತ್ತಿಕಟ್ಟಿ ಎರಡು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟರು. ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ. ಒಂದೊಂದಾಗಿ ನಾಲ್ಕೂ ಸಿಲಿಂಡರು, ನಾಲ್ಕೂ ಪೈಪು, ನಾಲ್ಕೂ ಒಲೆ ನೋಡಿದೆ. ಯಾರೂ ಅವಸರ ಮಾಡಲಿಲ್ಲ. ಎಲ್ಲ ನೋಡಿ ಎದ್ದು ನಿಂತಾಗ ಹಿರಿಯರು ಲೈಟರನ್ನು ನನ್ನ ಕೈಗೇ ಕೊಟ್ಟರು.

ಒಲೆ ಹಚ್ಚಿದೆ. ಅನ್ನಕ್ಕೆ ಎಸರಿಟ್ಟರು.