ಯಾರ ಪೈಕಿ?

ಸ್ಕಾಟ್ಲೆಂಡಿನ ಬಡಗಣ ಕಣಿವೆಯೊಂದರ ಹಳೆಯ ಶಾಲೆಯಲ್ಲಿ ಊರಿನ ವಂಶಾವಳಿಗಳನ್ನು ಕಾಯುವ ಇಷ್ಬೆಲ್ ಮ್ಯಾಥಿಸನ್‌ಗೆ ಬಾಗಿಲಲ್ಲಿ ಕಾರು ನಿಂತರೆ ಎದೆ ಡವಗುಟ್ಟುತ್ತದೆ. ಆದರೂ ಬಂದವರು ಕೆನಡಾದವರಿರಲಿ, ನ್ಯೂಜಿಲೆಂಡಿನವರಿರಲಿ, ಕೋಟು ಬಿಚ್ಚುವ ಮೊದಲೇ "ಯಾರ ಪೈಕಿ ನೀವು?" ಎಂದು ಕೇಳಿಯೇಬಿಡುತ್ತಾಳೆ. ಹಿಂದೆ ಜಮೀನ್ದಾರ ಒಕ್ಕಲೆಬ್ಬಿಸಿದಾಗ ಹಡಗು ಹತ್ತಿದ ಮುತ್ತಜ್ಜನ ಹೆಸರೊಂದು ಸಿಕ್ಕರೆ ಸಾಕು, ಅವನ ಹಸುವಿನ ಬಣ್ಣದಿಂದ ಹಿಡಿದು ಹೆಂಡತಿಯ ಬಾಯಿಜೋರಿನವರೆಗೆ ಏಳು ತಲೆಮಾರನ್ನು ಉಸಿರುಬಿಡದೆ ಒಪ್ಪಿಸಿ, ಗುಡ್ಡದ ಮೇಲಿನ ಪಾಳುಗೋಡೆಗಳ ನಡುವೆ ಅವರದೇ ಒಲೆಗಲ್ಲಿನ ಮೇಲೆ ನಿಲ್ಲಿಸಿ, ಅಳಿಸಿ ಕಳಿಸುತ್ತಾಳೆ. "ನಿಮ್ಮದೂ ಹೇಳಿ" ಎಂದರೆ ಮಾತ್ರ ಅಪ್ಪ, ಅಜ್ಜ ಎಂದು ಎರಡಕ್ಕೇ ನಿಲ್ಲಿಸಿ, "ಚಹಾ ಆರಿಹೋಗುತ್ತೆ, ಕುಡೀರಿ" ಎನ್ನುತ್ತಾಳೆ. ಹೋದ ವಾರ ಬಂದ ಕೆನಡಾದ ಮುದುಕಿ ಫ್ಲೋರಾ ಗನ್ ಒಲೆಗಲ್ಲಿನ ಮೇಲೆ ನಿಂತು ಅಳಲಿಲ್ಲ. "ನಮ್ಮೋರ ಕತೆ ನಂಗೆ ಗೊತ್ತು. ಜಮೀನ್ದಾರ ಹೇಳಿದ ಅಂತ ಈ ಸೂರಿಗೆ ಬೆಂಕಿ ಇಟ್ಟೋನು ಇದೇ ಊರಿನವನಂತೆ. ಅವನ ಪೈಕಿ ಯಾರಾದ್ರೂ ಇದ್ದಾರಾ?" ಎಂದಳು. ಇಷ್ಬೆಲ್‌ಳ ಸ್ವಂತ ಅಜ್ಜನ ಅಪ್ಪನ ಹೆಸರು ಅವಳ ನಾಲಿಗೆಯ ತುದಿಗೆ ಬಂದು ನಿಂತಿತು. "ಇಲ್ಲಮ್ಮ, ಆ ಮನೆತನ ಅಳಿದುಹೋಯ್ತು" ಎಂದಳು. ಇಳಿಜಾರಿನಲ್ಲಿ ಫ್ಲೋರಾ ಅವಳ ಕೈ ಹಿಡಿದುಕೊಂಡು, "ಎಷ್ಟು ನಡುಗ್ತಿದೀರಿ, ನನ್ನ ಆತ್ಕೊಳ್ಳಿ" ಎಂದವಳು, ಕಾರಿನವರೆಗೂ ಆ ಕೈ ಬಿಡಲೇ ಇಲ್ಲ.