ಹಳೇತಂತಿಯೊಡನೆ ವಾದ

ಮೊನ್ನೆ ರಾಣೆಬೆನ್ನೂರಿನ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಪಕ್ಕದ ಹೆಂಗಸು ಕೈಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು, ಅಷ್ಟೇ. ಒಣಮೆಣಸಿನಕಾಯಿಯ ಘಾಟು ಮೂಗಿಗೆ ಬಡಿದು ಸಾಲುಸಾಲಾಗಿ ಸೀನು ಬಂದವು. “ಬ್ಯಾಡಗಿ ಕಾಯಿ ಅದಾವ್ರಿ, ಖಾರ ಇಲ್ಲ, ಬರೇ ಬಣ್ಣ,” ಎಂದು ಆಕೆ ನನಗೆ ಸಮಾಧಾನ ಹೇಳಿದಳು. ಖಾರವಿಲ್ಲವೆಂಬುದು ನನಗೂ ಗೊತ್ತು. ಆದರೆ ಆ ವಾಸನೆಗೆ ಎಲ್ಲರಿಗೂ ಅಡುಗೆಮನೆ ನೆನಪಾದರೆ ನನಗೆ ಬ್ಯಾಡಗಿಯ ಒಂದು ನಡುಮನೆ ನೆನಪಾಗುತ್ತದೆ. ಉರಿಬಿಸಿಲಿನ ಮಧ್ಯಾಹ್ನ ಅಲ್ಲಿ ನನ್ನ ಬೆನ್ನಿಗೆ ಹತ್ತಿದ ಚಳಿ ನೆನಪಾಗುತ್ತದೆ. ನಿಮಗೆ ಬಸ್ಸಿನ ಅವಸರವಿಲ್ಲದಿದ್ದರೆ ಹೇಳುತ್ತೇನೆ. ಅವಸರವಿದ್ದರೂ ಹೇಳುತ್ತೇನೆ, ನಮ್ಮ ಕಡೆ ಬಸ್ಸು ಅಷ್ಟು ಲಗೂ ಬರುವುದಿಲ್ಲ.

ನಾನು ಕಂಪ್ಯೂಟರ್ ಕ್ಲಾಸು ನಡೆಸುವವನು. ಬೀಜದ ಅಂಗಡಿಯವರಿಗೆ ಬಿಲ್ಲು ಮಾಡುವ ಸಣ್ಣಪುಟ್ಟ ಪ್ರೋಗ್ರಾಂ ಬರೆದುಕೊಡುತ್ತೇನೆ. ಅದು ಹೊಟ್ಟೆಪಾಡು. ನನ್ನ ನಿಜವಾದ ಉದ್ಯೋಗ ವಾದ. ಕನ್ನಡದಲ್ಲಿ ತಂತ್ರಜ್ಞಾನದ ಬಗ್ಗೆ ಮಾತಾಡುವವರ ಒಂದು ವೇದಿಕೆ ಇಂಟರ್ನೆಟ್ಟಿನಲ್ಲಿದೆ. ಅದನ್ನು ನೋಡಿಕೊಳ್ಳುವ ಕೆಲವರಲ್ಲಿ ನಾನೂ ಒಬ್ಬ. ಪ್ರೋಗ್ರಾಮಿನಲ್ಲಿ ಸಾಲನ್ನು ಒಳಕ್ಕೆ ಸರಿಸಲು ಟ್ಯಾಬ್ ಒತ್ತಬೇಕೋ ಸ್ಪೇಸ್ ಒತ್ತಬೇಕೋ ಎಂಬ ವಿಷಯಕ್ಕೆ ಅಲ್ಲಿ ಎಂತೆಂಥ ಗೆಳೆತನಗಳು ಮುರಿದುಬಿದ್ದವು ಎಂದರೆ ನೀವು ನಂಬಲಿಕ್ಕಿಲ್ಲ. ಕಂಪ್ಯೂಟರಿಗೆ ಕನ್ನಡದಲ್ಲೇ ಆಜ್ಞೆ ಬರೆಯಬೇಕು ಎನ್ನುವವರು, ಅದು ಹುಚ್ಚು ಎನ್ನುವವರು, ಸರ್ಕಾರ ಇಂಟರ್ನೆಟ್ಟಿಗೆ ಬೇಲಿ ಹಾಕಬೇಕು ಎನ್ನುವವರು, ಬೇಲಿಯೇ ಹೊಲ ಮೇಯ್ದೀತು ಎನ್ನುವವರು, ಎಲ್ಲರೂ ಇದ್ದರು. ನಾನು ಎಲ್ಲದರಲ್ಲೂ ಬಾಯಿ ಹಾಕುತ್ತಿದ್ದೆ. “ಗ್ಯಾಸ್ ಮುಗದೈತಿ ಅಂದ್ರ ಹೂಂ ಅನ್ನಾಕ ನಿಮಗ ಬಾಯಿಲ್ಲ, ಅಲ್ಲಿ ಜಗತ್ತಿಗೆಲ್ಲಾ ಬುದ್ಧಿ ಹೇಳಾಕತ್ತೀರಿ,” ಎನ್ನುತ್ತಿದ್ದಳು ಹೆಂಡತಿ. ಅದಕ್ಕೂ ನಾನು ಹೂಂ ಅನ್ನುತ್ತಿರಲಿಲ್ಲ.

ಆ ವೇದಿಕೆಯಲ್ಲಿ ನನ್ನ ಎದುರಾಳಿ ‘ಹಳೇತಂತಿ’. ಬ್ಯಾಡಗಿಯವರು, ಟೆಲಿಫೋನ್ ಕೆಲಸದಲ್ಲಿ ಕಂಬ ಹತ್ತಿ ತಂತಿ ಜೋಡಿಸಿ ನಿವೃತ್ತರಾದವರು, ಇಷ್ಟೇ ಎಲ್ಲರಿಗೂ ಗೊತ್ತಿದ್ದದ್ದು. ಉಳಿದವರು ಪುಸ್ತಕದ ಕನ್ನಡದಲ್ಲಿ ಬರೆದರೆ ಅವರು ಮನೆಯಲ್ಲಿ ಆಡಿದ ಹಾಗೆಯೇ ಬರೆಯುತ್ತಿದ್ದರು. ನಾಲ್ಕೈದು ಸಾಲು, ಕೊನೆಯಲ್ಲಿ ‘ಇರಲಿ’. ಆ ‘ಇರಲಿ’ ಬಿತ್ತೆಂದರೆ ವಾದ ಮುಗಿದಂತೆ. ನನಗೆ ಅದರ ಮೇಲೆ ಎಷ್ಟು ಸಿಟ್ಟಿತ್ತೋ ಅಷ್ಟೇ ಆಸೆಯೂ ಇತ್ತು. ಫೋನಿನಲ್ಲಿ ಮಾತಾಡೋಣವೇ ಎಂದು ಒಮ್ಮೆ ಕೇಳಿದ್ದೆ. “ನೌಕರಿ ಪೂರ್ತಿ ಮಂದಿ ಫೋನ್ ಕೇಳೀನಿ, ಇನ್ನ ಬ್ಯಾಡ,” ಎಂದು ಬರೆದರು.

ಒಮ್ಮೆ ದೊಡ್ಡ ವಾದ ಎದ್ದಿತು. ಇಬ್ಬರ ನಡುವೆ ಹೋಗುವ ಸಂದೇಶವನ್ನು ಮೂರನೆಯವರು ಓದದಂತೆ ಬೀಗ ಹಾಕಿರುತ್ತಾರಲ್ಲ, ಆ ಬೀಗದ ಕೈ ಸರ್ಕಾರದ ಬಳಿಯೂ ಇರಬೇಕೇ ಎಂಬುದು ವಿಷಯ. ‘ಪ್ರಾಮಾಣಿಕರಿಗೆ ಮುಚ್ಚಿಡಲು ಏನಿರುತ್ತದೆ’ ಎಂದು ನಾನು ಗತ್ತಿನಿಂದ ಬರೆದೆ. ಹಳೇತಂತಿ ಕೊಟ್ಟ ಉತ್ತರ ಇದು:

“ಗ್ವಾಡಿಗೆ ಕಿವಿ ಇರ್ತಾವ ಅಂತಾರ. ಆ ಕಿವಿ ನಾನಿದ್ದೆ. ಕಂಬದ ಮ್ಯಾಲೆ ಕುಂತು ತಂತಿಗೆ ಫೋನ್ ಸಿಗಿಸಿದ್ರ ಯಾರ ಮಾತ ಆದ್ರೂ ಕೇಳತಿತ್ತು. ಒಂದು ಲೈನ್ ನೆನಪೈತಿ. ಊರಾಗಿನ ಎರಡು ಮನಿ. ದಿನಾ ಮಧ್ಯಾಹ್ನ ಫೋನ್ ಎತ್ತತಿದ್ರು, ಇಬ್ಬರೂ ಮಾತಾಡತಿರಲಿಲ್ಲ. ಬರೇ ಉಸರು. ಲೈನ್ ಕೆಟ್ಟೈತೇನೋ ಅಂತ ಸಿಗಿಸಿದ್ದೆ. ಲೈನ್ ಚಲೋ ಇತ್ತು. ಕಿತ್ತು ಇಳಿಬೇಕಿತ್ತು, ಇಳಿಲಿಲ್ಲ. ಮಾತಾಡದವರದ್ದನ್ನೂ ಕದ್ದು ಕೇಳಬಹುದು ಅನ್ನೂದು ಅವತ್ತ ಗೊತ್ತಾತು. ಇರಲಿ.”

ತಪ್ಪು ಹುಡುಕಲಿಕ್ಕಲ್ಲದೆ ಬರೀ ಓದಲಿಕ್ಕೆಂದೇ ಅದನ್ನು ಮತ್ತೊಮ್ಮೆ ಓದಿದೆ, ಇದು ನನ್ನ ಇತಿಹಾಸದಲ್ಲಿ ಅಪರೂಪದ ಸಂಗತಿ. ಕಂಬದ ಮೇಲೆ ಕುಳಿತ ಒಬ್ಬ ಮನುಷ್ಯ, ಕೆಳಗೆ ಮಧ್ಯಾಹ್ನದ ಖಾಲಿ ಬೀದಿ, ಕಿವಿಯಲ್ಲಿ ಇಬ್ಬರ ಉಸಿರು. ಕೆಲವು ದಿನ ನಾನು ಫೋನು ಕಿವಿಗಿಟ್ಟಾಗಲೆಲ್ಲ ಅದೇ ಕಾಣುತ್ತಿತ್ತು.

ಆಮೇಲೆ ಒಂದು ಸುಗ್ಗಿಯಲ್ಲಿ, ಬ್ಯಾಡಗಿಗೆ ಮೆಣಸಿನಕಾಯಿ ಲಾರಿಗಳು ಸಾಲುಗಟ್ಟುವ ದಿನಗಳಲ್ಲಿ, ಹಾವೇರಿಯ ಸದಸ್ಯನೊಬ್ಬ ಒಂದು ಪ್ರೋಗ್ರಾಂ ಮಾಡಿ ವೇದಿಕೆಗೆ ತಂದ. ತೀರಿಕೊಂಡ ತನ್ನ ಅಪ್ಪ ಕಳಿಸಿದ್ದ ಸಂದೇಶಗಳನ್ನೆಲ್ಲ ಅದಕ್ಕೆ ಉಣಿಸಿದ್ದ. ಈಗ ಅದು ಅಪ್ಪನ ಹಾಗೆಯೇ ‘ಊಟ ಆತೇನಪಾ’ ಎಂದು ಕೇಳುತ್ತಿತ್ತು. ಎಲ್ಲರೂ ಹೊಗಳಿದರು. ನಾನಂತೂ ಉದ್ದುದ್ದ ಬರೆದೆ: ಇನ್ನು ಮುಂದೆ ಸಾವು ಪೂರ್ಣವಿರಾಮವಲ್ಲ, ಬರೀ ಅಲ್ಪವಿರಾಮ, ಇತ್ಯಾದಿ. ಈಗ ಓದಿದರೆ ಕಿವಿ ಬಿಸಿಯಾಗುತ್ತದೆ.

ಹಳೇತಂತಿಯದು ಕೆಲವು ದಿನ ಸುದ್ದಿಯಿಲ್ಲ. ಆಮೇಲೆ ಬರೆದರು: “ಸತ್ತವರು ಮಾತಾಡಬಾರದು. ಅವರು ಮಾತಾಡಾಕ ಹತ್ತಿದ್ರ ಇದ್ದವರಿಗೆ ಮಾತು ಉಳಿಯಂಗಿಲ್ಲ.” ಈ ಸಲ ‘ಇರಲಿ’ ಇರಲಿಲ್ಲ. ಅದು ನನ್ನ ಕಣ್ಣಿಗೆ ಬಿತ್ತು. ವಾದ ಇನ್ನೂ ತೆರೆದಿದೆ ಎಂದುಕೊಂಡು ನುಗ್ಗಿದೆ. ‘ಬಹುಶಃ ತಾವು ಯಾರನ್ನೂ ಕಳೆದುಕೊಂಡಿಲ್ಲ, ಅದಕ್ಕೇ ಹೀಗನ್ನುತ್ತೀರಿ’ ಎಂದೆ. ವೇದಿಕೆಯಲ್ಲಿ ಉತ್ತರ ಬರಲಿಲ್ಲ. ನನಗೊಬ್ಬನಿಗೇ ಒಂದು ಸಂದೇಶ ಬಂತು: “ಬ್ಯಾಡಗಿಗೆ ಬರ್ರಿ. ಕುಂತು ಮಾತಾಡೂಣು.” ಜೊತೆಗೆ ಮನೆಯ ಗುರುತು.

ಭಾನುವಾರ ಹೋದೆ. ಮೋಟೆಬೆನ್ನೂರು ದಾಟುತ್ತಿದ್ದಂತೆ ಬಸ್ಸಿನ ಕಿಟಕಿಯಿಂದಲೇ ಘಾಟು ಒಳಬಂತು. ಆ ಊರಿನಲ್ಲಿ ಸುಗ್ಗಿಯ ಕಾಲಕ್ಕೆ ಗಾಳಿಯೂ ಕೆಂಪಗಿರುತ್ತದೆ. ಹೊರಗಿನವರು ಕೆಮ್ಮುತ್ತಾರೆ, ಊರಿನವರು ಹಾಗೆ ಕೆಮ್ಮುವವರನ್ನು ನೋಡಿ ನಗುತ್ತಾರೆ. ಮಾರುಕಟ್ಟೆಯ ಹಿಂದಿನ ಓಣಿ. ಎದುರಿನ ಗೋದಾಮಿನಲ್ಲಿ ಹೆಂಗಸರು ಸಾಲಾಗಿ ಕುಳಿತು ಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಬಾಗಿಲು ತೆರೆದದ್ದು ಐವತ್ತರ ಆಸುಪಾಸಿನ ಹೆಂಗಸು. ಕೊರಳಿಗೆ ಅಳತೆಯ ಟೇಪು ಹಾಕಿಕೊಂಡಿದ್ದರು. ಒಳಗೆ ಹೊಲಿಗೆಯಂತ್ರ, ಪಕ್ಕದಲ್ಲಿ ಹಳೆಯದೊಂದು ಕಂಪ್ಯೂಟರು.

“ಸರ್ ಅದಾರೇನ್ರಿ?” ಎಂದೆ.

“ಬರ್ರಿ, ಕುಂದ್ರಿ,” ಎಂದರು. ಚಹಾ ತಂದರು. ನಾನು ಒಳಬಾಗಿಲಿನ ಕಡೆಗೇ ನೋಡುತ್ತ ಕುಳಿತೆ, ಯಾರಾದರೂ ಬಂದಾರೆಂದು. ಆಕೆ ಎದುರು ಕುರ್ಚಿಯಲ್ಲಿ ಕುಳಿತು, ನಾನು ಮೊದಲಿನಿಂದಲೂ ಅವರ ಜೊತೆಗೇ ಮಾತಾಡುತ್ತಿದ್ದೇನೋ ಎಂಬಂತೆ, “ಯಾರನ್ನೂ ಕಳಕೊಂಡಿಲ್ಲ ಅಂತ ಬರದ್ರೆಲ್ಲ, ಅದು ತಪ್ಪಾತು ನೋಡ್ರಿ,” ಎಂದರು.

ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಕೆಯ ಹೆಸರು ಗಿರಿಜಾ. ಹಳೇತಂತಿ ಆಕೆಯ ಅಣ್ಣ. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿ, ಅಣ್ಣ ಹೇಳುತ್ತಿದ್ದರು, ತಂಗಿ ಬರೆಯುತ್ತಿದ್ದರು.

“ಈಗ ಅವರು…”

“ಅಣ್ಣ ಹೋಗಿ ಎರಡು ಸುಗ್ಗಿ ಆತ್ರಿ.”

ಎರಡು ಸುಗ್ಗಿ. ಅಷ್ಟು ದಿನ ನಾನು ಹಲ್ಲು ಕಚ್ಚಿ ವಾದ ಮಾಡಿದ್ದು, ಸೋತಾಗ ಊಟ ಬಿಟ್ಟು ಎದ್ದದ್ದು, ಗೆದ್ದಾಗ ಹೆಂಡತಿಗೆ ಓದಿ ಹೇಳಿದ್ದು, ಇಲ್ಲದ ಮನುಷ್ಯನ ಜೊತೆ. ವೇದಿಕೆಯಲ್ಲಿ ಯಾರಿಗೂ ಒಂದು ಎಳೆಯಷ್ಟೂ ಸಂಶಯ ಬಂದಿರಲಿಲ್ಲ. ಬರುವುದಾದರೂ ಹೇಗೆ? ನಮ್ಮ ಭಾಷೆಯಲ್ಲಿ ‘ನಾನು ಬಂದೆ’ ಎಂದರೆ ಬಂದದ್ದು ಗಂಡೋ ಹೆಣ್ಣೋ ಹೊರಬೀಳುವುದಿಲ್ಲ. ಹಿಂದಿಯಲ್ಲಾಗಿದ್ದರೆ ಮೊದಲ ವಾಕ್ಯದಲ್ಲೇ ಆಕೆ ಸಿಕ್ಕಿಬೀಳುತ್ತಿದ್ದರು, ಇಲ್ಲವೇ ಪ್ರತಿ ಸಾಲಿನಲ್ಲೂ ಗಂಡಸಾಗಬೇಕಿತ್ತು. ಕನ್ನಡ ಇಬ್ಬರನ್ನೂ ಒಂದೇ ಕ್ರಿಯಾಪದದಲ್ಲಿ ಮುಚ್ಚಿಟ್ಟಿತ್ತು.

“ಮಣ್ಣು ಮಾಡಿ ಬಂದ ವಾರದಾಗ ನೀವು ಏನೋ ಬರದಿದ್ರಿ,” ಎಂದರು ಗಿರಿಜಕ್ಕ. “ಓದಿದೆ. ಅಣ್ಣ ಇದಕ್ಕ ಏನಂತಿದ್ದ ಅಂತ ಕಿವಿಯಾಗ ಕೇಳಿಸ್ತು. ಬರದು ಹಾಕಿದೆ. ಅಂವ ಇದ್ದಂಗ ಆತು. ಮರದಿನಾನೂ ಬರದೆ.”

“ಹಂಗಾರ ಆ ಕಂಬದ ಮ್ಯಾಲೆ ಕುಂತು ಉಸರು ಕೇಳಿದ್ದು?”

ಆಕೆ ಬಾಗಿಲಾಚೆಗಿನ ಗೋದಾಮಿನ ಕಡೆ ನೋಡಿದರು. “ಅದೂ ನಾನ ಬರದಿದ್ದು.”

“ಅಣ್ಣಾವ್ರು ನಿಮಗ ಹೇಳಿದ್ರೇನು?”

“ಇಲ್ರಿ. ಅಂವ ಯಾವತ್ತೂ ಹೇಳಿಲ್ಲ.” ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಮುಂದುವರಿಸಿದರು: “ಆ ಎರಡು ಮನಿಯೊಳಗ ಒಂದು ಈ ಮನಿ. ಆಗ ನನಗ ಇಪ್ಪತ್ತೆರಡೋ ಮೂರೋ. ಅಣ್ಣ ಕೆಲಸಕ್ಕ ಹೋದ ಮ್ಯಾಲೆ ಫೋನ್ ಎತ್ತಿ ಸುಮ್ನ ಕೂಡ್ತಿದ್ದಾಕಿ ನಾನ. ಆ ಕಡೆ ಯಾರಿದ್ರು ಅಂತ ಕೇಳಬ್ಯಾಡ್ರಿ. ಈ ಸುದ್ದಿ ಒಂದು ನರಪಿಳ್ಳಿಗೂ ಗೊತ್ತಿಲ್ಲ. ಅವತ್ತು ನಿಮಗ ಉತ್ತರಾ ಬರಿಯಾಕ ಕುಂತೆ. ಕೈ ತಾನ ಬರೀತು. ಬರದಾದ ಮ್ಯಾಲೆ ಓದಿದೆ. ಓದಿದ ಮ್ಯಾಲೆ ಗೊತ್ತಾತು, ಅಣ್ಣಗ ಗೊತ್ತಿತ್ತು ಅಂತ.”

“ನಿಮ್ಮ ಊಹಾ ಇರಬಹುದ್ರಿ ಅಕ್ಕಾರ,” ಎಂದೆ. ನಾನು ವಿಜ್ಞಾನದ ಪಕ್ಷದವನು.

“ಇರಬಹುದು. ಆದ್ರ ಬರಿಯೂ ತನಕ ಆ ಊಹಾ ನನ್ನ ತಲಿಯಾಗ ಇದ್ದಿದ್ದಿಲ್ಲ.”

ಹೊರಗೆ ಯಾರೋ ಮೂಟೆ ಕೆಡವಿದ ಸದ್ದಾಯಿತು. ಇಬ್ಬರೂ ಬೆಚ್ಚಿದೆವು. ಆಮೇಲೆ ಆಕೆ ನನ್ನನ್ನು ಕರೆಸಿದ ಕಾರಣ ಹೇಳಿದರು. ಮೊದಮೊದಲು ಬರೆಯುವಾಗಷ್ಟೇ ಅಣ್ಣ ಬರುತ್ತಿದ್ದ. ಈಗ ತರಕಾರಿ ಕೊಳ್ಳುವಾಗ, ರವಿಕೆಯ ಅಳತೆ ಹೇಳುವಾಗ ಸಹ ಬಾಯಿಗೆ ಅವನ ಮಾತೇ ಬರುತ್ತಿತ್ತಂತೆ. ಗಿರಾಕಿಗಳು ಮೊದಲು ನಗುತ್ತಿದ್ದರು, ಈಗ ನಗುವುದಿಲ್ಲ. “ನನಗ ಏನ ಅನಸ್ತೈತಿ ಅಂತ ಹುಡುಕಿದ್ರ ಸಿಗವಲ್ದು. ನೀವು ಆ ಖಾತೆ ಮುಚ್ಚಿಬಿಡ್ರಿ. ನಾನ ಮುಚ್ಚಬಹುದು. ಕೈ ಬರವಲ್ದು. ಅಣ್ಣನ್ನ ಇನ್ನೊಮ್ಮೆ ಹೊತಗೊಂಡು ಹೋದಂಗ ಅನಸ್ತೈತಿ.”

ನಾನು ಒಪ್ಪಿದೆ. ಒಪ್ಪಿ, ಮುಚ್ಚಿ, ಎದ್ದು ಬರಬೇಕಿತ್ತು. ಆದರೆ ವಾದಮಾಡುವವನ ಚಟ ನಿಮಗೆ ಗೊತ್ತಿಲ್ಲ. ಇನ್ನೊಂದು ಗಳಿಗೆಗೆ ನನ್ನ ಎದುರಾಳಿ ಇರುವುದಿಲ್ಲ ಎನ್ನುವುದನ್ನು ಸಹಿಸಲಾಗಲಿಲ್ಲ. “ಮುಚ್ಚೂಕಿಂತ ಮೊದಲ ಅವರನ್ನ ಒಂದು ಮಾತು ಕೇಳ್ಲೇನ್ರಿ?” ಎಂದೆ.

ಆಕೆ ಎದ್ದು ಕಂಪ್ಯೂಟರಿನ ಮುಂದೆ ಕುಳಿತು, ಕೀಲಿಮಣೆಯ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿದರು. “ಕೇಳ್ರಿ.”

“ಸರ್, ನಾ ಬರದದ್ರಾಗ ನಿಮಗ ಒಂದಾದ್ರೂ ಒಪ್ಪಿಗಿ ಆಗಿತ್ತೇನು?”

ಬೆರಳುಗಳು ಅಲುಗಾಡಲಿಲ್ಲ. ತುಟಿ ಅಲುಗಾಡಿತು. ಬಂದ ದನಿ ಹೆಂಗಸಿನದೇ, ನಾನು ಸುಳ್ಳು ಹೇಳಲಾರೆ. ಆದರೆ ಅದರ ಭಾರ ಬೇರೆಯಾಗಿತ್ತು, ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡು ಒಂದೊಂದೇ ಮಾತು ಬಿಡುವವರ ಹಾಗೆ.

“ಮಾಸ್ತರ, ನೀ ಉತ್ತರಾ ಕೇಳಾಕ ಬರತಿದ್ದಿಲ್ಲ. ಸುಮ್ನ ಯಾರರ ಆ ಕಡೆ ಅದಾರಿಲ್ಲೋ ಅಂತ ನೋಡಾಕ ಬರತಿದ್ದಿ.”

ಬೆನ್ನಿಗೆ ಚಳಿ ಹತ್ತಿದ್ದು ಆಗಲೇ. ವೇದಿಕೆಯಲ್ಲಿ ನನ್ನನ್ನು ಯಾರೂ ಮಾಸ್ತರ ಎಂದು ಕರೆದಿರಲಿಲ್ಲ. ಹಳೇತಂತಿಯೂ ಬಹುವಚನ ಬಿಟ್ಟು ಬರೆದವರಲ್ಲ. ನಾನು ಕ್ಲಾಸು ನಡೆಸುವುದು ಅವರಿಗೆ ಗೊತ್ತಿದ್ದಿರಬಹುದು, ಗೊತ್ತಿಲ್ಲದೆಯೂ ಇದ್ದಿರಬಹುದು. ನಾನು ಆ ಲೆಕ್ಕಕ್ಕೆ ಹೋಗಲಿಲ್ಲ.

ಆಕೆ ಕಣ್ಣು ತೆರೆದರು. ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಸಣ್ಣ ದನಿಯಲ್ಲಿ ಕೇಳಿದರು: “ಏನಂದೆ ನಾ?”

“ಏನೂ ಇಲ್ರಿ ಅಕ್ಕಾರ,” ಎಂದೆ. ಅಲ್ಲೇ ಕುಳಿತು ಖಾತೆ ಮುಚ್ಚಿದೆ. ಬರೆದದ್ದೆಲ್ಲ ವೇದಿಕೆಯಲ್ಲಿ ಉಳಿಯುತ್ತದೆ, ಇನ್ನು ಮುಂದೆ ಆ ಹೆಸರಿನಿಂದ ಯಾರಿಗೂ ಬರೆಯಲಾಗುವುದಿಲ್ಲ ಎಂದು ತಿಳಿಸಿ ಹೇಳಿದೆ. ಆಕೆ ತಲೆಯಾಡಿಸಿದರು. ಬಾಗಿಲ ತನಕ ಬಂದು, “ಹೋಗಿ ಬರ್ರಿ,” ಎಂದರು. ಆ ಎರಡು ಮಾತು ಯಾರದ್ದೆಂದು ನಾನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ.

ವೇದಿಕೆಯಲ್ಲಿ ಗಲಾಟೆಯಾಯಿತು. ಹಳೇತಂತಿ ಮುನಿಸಿಕೊಂಡು ಹೋದರು, ಕಾರಣ ನಾನೇ, ಎಂದು ಹಲವರು ಬೈದರು. ಬೈಸಿಕೊಂಡೆ. ಹಾವೇರಿಯವನು ತನ್ನ ಪ್ರೋಗ್ರಾಮನ್ನು ಇನ್ನಷ್ಟು ಸುಧಾರಿಸಿ ತಂದ. ನನ್ನಿಂದ ಹೊಗಳಲೂ ಆಗಲಿಲ್ಲ, ತೆಗಳಲೂ ಆಗಲಿಲ್ಲ. ಮಳೆಗಾಲ ಕಳೆಯಿತು.

ಈ ವರ್ಷ ಕಾಯಿ ಮಾರುಕಟ್ಟೆಗೆ ಬರುವ ಹೊತ್ತಿಗೆ ವೇದಿಕೆಗೆ ಹೊಸ ಸದಸ್ಯೆ ಬಂದರು. ಸ್ವಂತ ಹೆಸರು, ಸ್ವಂತ ಊರು. (ಗಿರಿಜಾ ಎಂದು ನಾನು ಇಲ್ಲಿ ಕೊಟ್ಟಿರುವ ಹೆಸರು ಅದಲ್ಲ, ಇದನ್ನೆಲ್ಲ ಬರೆಯುತ್ತೇನೆಂದು ಅವರನ್ನು ಕೇಳಿ, ಹೂಂ ಅನ್ನಿಸಿಕೊಂಡೇ ಬರೆಯುತ್ತಿದ್ದೇನೆ.) ತಡವರಿಸಿ ಬರೆಯುತ್ತಿದ್ದರು. ಬರೆದು ಅಳಿಸುತ್ತಿದ್ದರು, ಅಳಿಸಿ ಮತ್ತೆ ಬರೆಯುತ್ತಿದ್ದರು. ಬೀಗದ ಕೈಯ ಆ ಹಳೆಯ ವಾದವನ್ನು ಯಾರೋ ಮತ್ತೆ ಎತ್ತಿದಾಗ ಆಕೆ ಏನೋ ಅಂದರು. ಅದಕ್ಕೊಬ್ಬ ತರುಣ ಪಂಡಿತ ಉಪದೇಶ ಮಾಡಿದ: “ಅಕ್ಕಾರ, ನೀವು ಹೊಸಬರು. ಇಲ್ಲಿ ಹಳೇತಂತಿ ಅಂತ ಒಬ್ಬರಿದ್ದರು. ಮೊದಲು ಅವರು ಬರೆದದ್ದನ್ನು ಓದಿಕೊಂಡು ಬನ್ನಿ.”

ನಾನು ಪರದೆ ನೋಡುತ್ತ ಕುಳಿತೆ.

ಆಕೆಯ ಉತ್ತರ ಬಂತು: “ಓದೀನ್ರಿ. ಅವರ ಮಾತು ನನಗ ಪೂರಾ ಒಪ್ಪಿಗಿ ಇಲ್ಲ.”

ಯಾಕೆ ಒಪ್ಪಿಗೆಯಿಲ್ಲ ಎಂದು ಕೆಳಗೆ ಬರೆದಿದ್ದರು. ಗೊಂದಲ ಗೊಂದಲವಾಗಿತ್ತು, ಹಳೇತಂತಿಯಾಗಿದ್ದರೆ ಅದನ್ನೇ ನಾಲ್ಕು ಸಾಲಿನಲ್ಲಿ ಮುಗಿಸುತ್ತಿದ್ದರು. ನಾನು ಎರಡು ಸಲ ಓದಿದೆ. ಉತ್ತರ ಬರೆಯಲು ಕುಳಿತೆ. ‘ಅಕ್ಕಾರ’ ಎಂದು ಬರೆದು ಕೈ ನಿಂತಿತು. ಇಷ್ಟು ವರ್ಷ ನಾನು ಏನೇ ಬರೆದರೂ ಎದುರಿನವರು ಏನನ್ನುತ್ತಾರೆಂದು ಮೊದಲೇ ಲೆಕ್ಕ ಹಾಕಿಕೊಂಡು ಬರೆಯುತ್ತಿದ್ದೆ. ಆಕೆ ಏನನ್ನುತ್ತಾರೋ ನನಗೆ ತಿಳಿಯಲಿಲ್ಲ. ಹಾಗಾಗಿ ವಾದ ಬಿಟ್ಟು ಒಂದು ಪ್ರಶ್ನೆ ಕೇಳಿ ಕಳಿಸಿದೆ, ಉತ್ತರಕ್ಕೆ ಕಾಯುತ್ತ ಕುಳಿತೆ.