ಹಿಂಬಾಗಿಲಲ್ಲಿ ನಿಂತ ಹೊಗೆಯಣ್ಣ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಐವಿಎಫ್ ಆಸ್ಪತ್ರೆಯ ಹಿಂಭಾಗದ ಕೋಣೆಯಲ್ಲಿ ಒಬ್ಬರು ದಪ್ಪ ಕೈಗವಸು ಹಾಕಿಕೊಂಡು ಉಕ್ಕಿನ ಕ್ಯಾನಿನ ಮುಚ್ಚಳ ಎತ್ತುತ್ತಾರೆ. ಬಿಳಿ ಹೊಗೆ ಉಕ್ಕಿ ನೆಲಕ್ಕಿಳಿದು ಅವರ ಶೂ ಮುಚ್ಚುತ್ತದೆ. ಅಳತೆಕೋಲನ್ನು ಒಳಗಿಳಿಸಿ ಮೇಲೆತ್ತುತ್ತಾರೆ. ಕೋಲಿನ ಮೇಲೆ ಹಿಮ ಎಲ್ಲಿಯವರೆಗೆ ಕಟ್ಟಿದೆಯೋ ಅಲ್ಲಿಯವರೆಗೆ ದ್ರವ ನೈಟ್ರೋಜನ್ ಇದೆ ಎಂದರ್ಥ. ಕಡಿಮೆಯಾದಷ್ಟನ್ನು ತುಂಬುತ್ತಾರೆ. ಒಳಗೆ, ಕಣ್ಣಿಗೆ ಕಾಣದಷ್ಟು ಸಣ್ಣಗೆ, ನೂರಾರು ದಂಪತಿಗಳ ಭ್ರೂಣಗಳು ಹೆಪ್ಪುಗಟ್ಟಿ ಕಾಯುತ್ತಿವೆ.

ಆಸ್ಪತ್ರೆಯಲ್ಲಿ ಎಲ್ಲರಿಗೂ ಇವರು ಹೊಗೆಯಣ್ಣ. ಸಿಗರೇಟು ಮುಟ್ಟಿದವರಲ್ಲ, ಹೆಸರು ಬಂದದ್ದು ಈ ಹೊಗೆಯಿಂದ. ಮಗು ಎತ್ತಿಕೊಂಡು ಹೋಗುವವರು ಡಾಕ್ಟರಿಗೆ ಕೈಮುಗಿಯುತ್ತಾರೆ, ನರ್ಸಿಗೆ ಥ್ಯಾಂಕ್ಸ್ ಹೇಳುತ್ತಾರೆ. ಇಂಥವರೊಬ್ಬರು ಇದ್ದಾರೆ ಎಂಬುದೇ ಅವರಿಗೆ ತಿಳಿಯದು. ಇವರು ಕೆಲವು ವಾರ ಹಾಸಿಗೆ ಹಿಡಿದು, ಬೇರೆ ಯಾರೂ ತುಂಬದೇ ಹೋದರೆ ಅಷ್ಟೂ ಸಂಸಾರಗಳ ಆಸೆ ಕರಗಿ ನೀರಾಗುತ್ತದೆ.

ಎಡಗೈ ಮಣಿಕಟ್ಟಿನ ಮೇಲೆ ಬಿಳಿಚಿಕೊಂಡ ಕಲೆಗಳಿವೆ. ಬೆಂಕಿಯಂತೆಯೇ ಈ ಚಳಿಯೂ ಸುಡುತ್ತದೆ. ಪ್ಯಾಂಟಿನ ಅಂಚು ಮಡಚಿರಬಾರದು. ಮಡಿಕೆಗೆ ಒಂದಿಷ್ಟು ಚೆಲ್ಲಿದರೂ ಚರ್ಮ ಹೋಯಿತು. ಆ ಅಂಚು ಬಿಚ್ಚಿ ಉದ್ದ ಮಾಡಿಕೊಡುವವರು ಹೆಂಡತಿ, ಟೈಲರ್. ಮದುವೆಯಾಗಿ ಒಂಬತ್ತು ವರ್ಷ, ಮಕ್ಕಳಿಲ್ಲ. ಗಂಡ ಆಸ್ಪತ್ರೆಯೊಂದರಲ್ಲಿ ಗ್ಯಾಸ್ ತುಂಬುತ್ತಾನೆ ಎಂದಷ್ಟೇ ಅವರಿಗೆ ಗೊತ್ತಿತ್ತು. ಯಾವ ಆಸ್ಪತ್ರೆ, ಯಾತಕ್ಕೆ ಗ್ಯಾಸ್ ಎಂದು ಹೊಗೆಯಣ್ಣ ಬಾಯಿ ಬಿಟ್ಟಿರಲಿಲ್ಲ.

ಯಾಕೆಂದರೆ ಈ ಆಸ್ಪತ್ರೆಯಲ್ಲೊಂದು ಪದ್ಧತಿಯಿದೆ. ‘ಆಗಲಿಲ್ಲ’ ಎಂಬ ಫಲಿತಾಂಶ ಬಂದವರನ್ನು ಮುಂದಿನ ಹಜಾರದಿಂದ ಕಳಿಸುವುದಿಲ್ಲ. ಅಲ್ಲಿ ಕೂತವರು ಅವರ ಮುಖ ನೋಡಿ ಎದೆಗುಂದಬಾರದು ಎಂದು ಹಿಂದಿನ ಮೆಟ್ಟಿಲಲ್ಲಿ ಇಳಿಸುತ್ತಾರೆ. ಮೆಟ್ಟಿಲು ಮುಗಿಯುವುದು ಹೊಗೆಯಣ್ಣನ ಕೋಣೆಯ ಎದುರು. ತುಂಬುವಾಗ ಬಾಗಿಲು ಹಾಕಿದರೆ ಉಸಿರು ಕಟ್ಟುತ್ತದೆ, ಆದ್ದರಿಂದ ಅದು ಸದಾ ತೆರೆದೇ ಇರುತ್ತದೆ.

“ಒಬ್ಬಮ್ಮ ಈ ಗೋಡೆಗೆ ಹಣೆ ಕೊಟ್ಟು ನಿಂತುಬಿಟ್ರು. ಗಂಡ ಕರೆದ್ರೂ ಬರ್ಲಿಲ್ಲ. ದಿನಾ ಇದನ್ನ ನೋಡ್ಕೊಂಡು ಮನೆಗೆ ಹೋಗಿ, ಬಾ ನಾವೂ ಮಾಡಿಸೋಣ ಅಂತ ಯಾವ ಬಾಯಲ್ಲಿ ಹೇಳ್ಲಿ?” ಎನ್ನುತ್ತಾರೆ.

ಕಳೆದ ತಿಂಗಳು ಟ್ರಾಲಿ ತಳ್ಳಿಕೊಂಡು ಸ್ಕ್ಯಾನಿಂಗ್ ಕೋಣೆಯ ಮುಂದೆ ಹೋಗುತ್ತಿದ್ದಾಗ ಬೆಂಚಿನ ಮೇಲೆ ಹೆಂಡತಿ ಕೂತಿದ್ದರು. ನಾದಿನಿಯೇ ಒತ್ತಾಯ ಮಾಡಿ, ಅಣ್ಣನಿಗೆ ಹೇಳದೆ ಕರೆತಂದಿದ್ದರು. ಹೊಗೆಯಣ್ಣ ಟ್ರಾಲಿಯನ್ನು ದಾರಿಗಡ್ಡವಾಗಿಯೇ ನಿಲ್ಲಿಸಿಬಿಟ್ಟರು. ಹಿಂದೆ ಬಂದ ನರ್ಸು, ಪೇಷೆಂಟಿಗೆ ದಾರಿ ಬಿಡು ಹೊಗೆಯಣ್ಣ ಎಂದರು.

“ಪೇಷೆಂಟಲ್ಲ ಸಿಸ್ಟರ್, ಹೆಂಡ್ತಿ,” ಎಂದರಂತೆ ಹೊಗೆಯಣ್ಣ. ಟ್ರಾಲಿ ತಳ್ಳಿಕೊಂಡು ಮುಂದೆ ಹೋದರು.

ಉಳಿದ ಮಾತು ಹೊರಟದ್ದು ಮನೆಯಲ್ಲಿ. ಊರವರ ಮಕ್ಕಳನ್ನೆಲ್ಲ ಕಾದು ಬರುವ ಮನುಷ್ಯ ತನಗೆ ಒಂದು ಮಾತು ಹೇಳಲಿಲ್ಲವಲ್ಲ ಎಂದು ಹೆಂಡತಿ ಹೊಲಿಗೆ ಯಂತ್ರದ ಮುಂದೆ ತಲೆ ತಗ್ಗಿಸಿ ಕೂತೇ ದೂರಿದರು. ಈ ಚಿಕಿತ್ಸೆ ಯಾರಿಗೂ ಫಲಿಸುವುದಿಲ್ಲ, ಒಬ್ಬರೂ ನಗುತ್ತಾ ಹೋದದ್ದನ್ನು ನಾನು ಕಂಡಿಲ್ಲ ಎಂದು ಹೊಗೆಯಣ್ಣ ವಾದಿಸಿದರು. ಹಜಾರದ ಗೋಡೆಯ ಮಕ್ಕಳ ಫೋಟೊಗಳೋ? ಅವು ಇವರ ಪಾಲಿಗೆ ಸೋಪಿನ ಜಾಹೀರಾತಿನಂತೆ.

ಹೆಂಡತಿ ತಲೆ ಎತ್ತಿ ಕೇಳಿದ್ದು ಒಂದೇ: “ರೀ, ನೀವು ನಿಂತಿರೋದು ಎಲ್ಲಿ? ಹಿಂಬಾಗಿಲಲ್ಲಿ. ನಗೋರು ಅಲ್ಲಿಗ್ಯಾಕೆ ಬರ್ತಾರೆ?”

ನಗುತ್ತಾ ಹೋಗುವವರೂ ಇದ್ದಾರೆಯೇ ಎಂದು ಮರುದಿನ ಹೊಗೆಯಣ್ಣ ನರ್ಸನ್ನು ಕೇಳಿದರು. ಇಷ್ಟು ವರ್ಷ ಇಲ್ಲೇ ಇದ್ದು ಅಷ್ಟೂ ಗೊತ್ತಿಲ್ಲವೇ ಎಂದು ನರ್ಸೇ ಬೆಪ್ಪಾದರು. ಹೊಗೆಯಣ್ಣ ಕೆಲಸ ಮುಗಿಸಿ ಮೊದಲ ಸಲ ಹಜಾರದ ಮೂಲೆಯಲ್ಲಿ ಹೋಗಿ ಕೂತರು. ಮಧ್ಯಾಹ್ನದ ಹೊತ್ತಿಗೆ ಒಬ್ಬಾಕೆ ಹೊರಬಂದು, ಫೋನು ಕಿವಿಗಿಟ್ಟುಕೊಂಡು ಅಮ್ಮಾ ಅಂದವಳು ನಕ್ಕೇಬಿಟ್ಟಳು. ಆ ದಿನ ಹಾಗೆ ನಕ್ಕವಳು ಇನ್ನೊಬ್ಬಳು ಮಾತ್ರ. ಹೊಗೆಯಣ್ಣ ಇವತ್ತಿಗೂ ಆ ನಗುವಿನಿಂದ ಚೇತರಿಸಿಕೊಂಡಿಲ್ಲ. “ನಮ್ಮ ಕ್ಯಾನಿಂದ ಹೋದದ್ದು ಮಗು ಆಗುತ್ತೆ ಅಂತ ನಂಗೇ ಗೊತ್ತಿರ್ಲಿಲ್ಲ ನೋಡಿ,” ಎನ್ನುತ್ತಾರೆ.

ಈಗ ಇಬ್ಬರೂ ಚಿಕಿತ್ಸೆಗೆ ಒಪ್ಪಿದ್ದಾರೆ. ಹಾಗೆಂದು ಹೆಂಡತಿ ಕನಸಿನಲ್ಲಿ ತೇಲುತ್ತಿಲ್ಲ. ಆಗದಿರುವ ಸಾಧ್ಯತೆಯೇ ಹೆಚ್ಚು ಎಂದು ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿದ್ದಾರೆ. ಸೂಜಿ, ನೋವು, ಕಾಯುವುದು ಎಲ್ಲ ತನ್ನ ಮೈಯದೇ ಎಂಬುದೂ ಗೊತ್ತು. “ಒಂದೇ ಸಲ. ಆಗದಿದ್ರೆ ಮತ್ತೆ ಆ ಮಾತು ಎತ್ತೋ ಹಾಗಿಲ್ಲ, ಇವರೂ ಎತ್ತೋ ಹಾಗಿಲ್ಲ, ನಾದಿನಿಯಂತೂ ಎತ್ತಲೇ ಕೂಡದು,” ಎನ್ನುತ್ತಾ ದಾರ ಕಚ್ಚಿ ತುಂಡರಿಸುತ್ತಾರೆ. ಇಂಜೆಕ್ಷನ್ ಶುರುವಾಗಿ ನಾಲ್ಕು ದಿನವಾಗಿದೆ.

ಎಲ್ಲ ಸರಿಹೋದರೆ ಅವರ ಭ್ರೂಣವೂ ಇದೇ ಕ್ಯಾನಿಗೆ ಬರುತ್ತದೆ. ಅದಕ್ಕೆ ಒಂದು ತೊಟ್ಟು ಜಾಸ್ತಿ ಹಾಕುತ್ತೀರಾ ಎಂದರೆ ಹೊಗೆಯಣ್ಣನಿಗೆ ಸಿಟ್ಟೇ ಬರುತ್ತದೆ. ಎಲ್ಲರದೂ ಅದರೊಳಗೇ ತಾನೇ ಇರುವುದು ಎನ್ನುತ್ತಾರೆ.

ಫಲಿತಾಂಶದ ದಿನ ರಜೆ ತಗೋ ಎಂದು ಡಾಕ್ಟರು ಹೇಳಿದ್ದಾರೆ. ಇವರು ಬೇಡ ಎಂದಿದ್ದಾರೆ. ಮುಚ್ಚಳ ಹಾಕಿ, ಕೈಗವಸು ಕಳಚಿ, ತೆರೆದ ಬಾಗಿಲಾಚೆಯ ಮೆಟ್ಟಿಲು ನೋಡುತ್ತಾರೆ.

“ಆಯ್ತು ಅಂದ್ರೆ ಮುಂದಿನ ಬಾಗಿಲಿಂದ ನನ್ನ ತಂಗಿ ಜೊತೆ ಹೋಗ್ಲಿ, ನಗ್ತಾ ಹೋಗ್ಲಿ. ಇಲ್ಲಾಂದ್ರೆ ಇಲ್ಲೇ ತಾನೇ ಇಳಿದು ಬರೋದು? ಇಲ್ಲಿಳಿದ ಒಬ್ಬರಿಗೂ ಏನು ಹೇಳ್ಬೇಕು ಅಂತ ನಂಗೆ ತಿಳೀಲಿಲ್ಲ. ಅವಳಿಗಾದ್ರೆ, ನಡಿ ಮನೆಗೆ ಹೋಗೋಣ ಅನ್ನಬಹುದು.”